ಅವ್ವನ ಅಂಗಾಲು

ಅಂಗಾಲಲ್ಲಿ ಮಚ್ಚೆ ಇದ್ದವರು ಒಂದು ಕಡೆ ನಿಲ್ಲಲ್ಲ, ಊರೂರು ಸುತ್ತುತ್ತಾರೆ ಅಂತ ನಮ್ಮ ಕಡೆ ಒಂದು ಮಾತಿದೆ. ಅವ್ವನ ಹಿಮ್ಮಡಿಯಲ್ಲಿ ಕರಿ ಮಚ್ಚೆ ಕಂಡ ದಿನ ಚಿಕ್ಕಮ್ಮ ಇದನ್ನೇ ಹೇಳಿದ್ದರು. "ಅಕ್ಕಾ, ನಿಂಗೆ ಕಾಶಿಗೆ ಹೋಗೋ ಯೋಗ ಐತೆ ನೋಡು." ನಾವೆಲ್ಲ ನಕ್ಕೆವು. ಆ ನಗು ನೆನಪಾದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಎರಡು ವರ್ಷದ ಹಿಂದಿನ ದೀಪಾವಳಿ. ಜಗಳೂರು ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ನೀರು ತುಂಬುವ ಹಬ್ಬದ ಮಾರನೇ ದಿನ ಬೆಳಗಿನ ಜಾವ ಎಣ್ಣೆಸ್ನಾನ. ಅವ್ವನಿಗೆ ಮಂಡಿನೋವು, ಬಗ್ಗೋಕಾಗಲ್ಲ. ತನ್ನ ಅಂಗಾಲಿಗೆ ತಾನೇ ಎಣ್ಣೆ ತಿಕ್ಕಿಕೊಂಡು ಎಷ್ಟು ವರ್ಷ ಆಗಿತ್ತೋ. ಬಚ್ಚಲಲ್ಲಿ ಮಣೆ ಮೇಲೆ ಕೂರಿಸಿ, ಬಿಸಿ ಮಾಡಿದ ಹರಳೆಣ್ಣೆ ಹಚ್ಚುತ್ತಾ ಬಂದೆ. ಬಲಗಾಲನ್ನು ಎತ್ತಿ ನನ್ನ ತೊಡೆ ಮೇಲೆ ಇಟ್ಟುಕೊಂಡಾಗ ಹಿಮ್ಮಡಿಯ ಒಳಮಗ್ಗುಲಲ್ಲಿ ಅದು ಕಾಣಿಸಿತು.

ದೊಡ್ಡ ಹುಣಸೆಬೀಜದಷ್ಟು ಅಗಲ. ದುಂಡಗಿರಲಿಲ್ಲ. ಒಂದು ಅಂಚು ನೆಟ್ಟಗಿದ್ದರೆ ಇನ್ನೊಂದು ಅಂಚು ಒದ್ದೆ ಕಾಗದದ ಮೇಲೆ ಇಂಕು ಬಿದ್ದು ಹರಡಿದ ಹಾಗೆ. ಒಂದು ಕಡೆ ಕಾಫಿಪುಡಿ ಬಣ್ಣ, ಇನ್ನೊಂದು ಕಡೆ ಒಲೆಯ ಮಸಿಯಷ್ಟು ಕಪ್ಪು. ನಡುವೆ ರಾಗಿಕಾಳಿನಷ್ಟು ಒಂದು ಉಬ್ಬು, ಅದರ ತುದಿ ಮಾತ್ರ ಹಸಿಹಸಿ. ಅವ್ವನದು ಬಿಸಿಲು, ಮಣ್ಣು, ಕಲ್ಲು ತುಳಿದು ಗಟ್ಟಿಯಾದ ಕಾಲು. ಹಿಮ್ಮಡಿ ತುಂಬಾ ಬಿರುಕು. ಎಣ್ಣೆ ಹಚ್ಚಿ ಧೂಳು ತೆಗೆಯದಿದ್ದರೆ ಆ ಮಚ್ಚೆ ಕಾಣುತ್ತಲೇ ಇರಲಿಲ್ಲ.

"ಇದೇನವ್ವಾ?"

"ಆಣಿ ಕಣೇ. ಹೋದ ವರ್ಷ ಶೇಂಗಾ ಕೀಳೋ ಟೈಮಿಂದ ಐತೆ. ಜಾಲಿಮುಳ್ಳು ಒಳಗೇ ಮುರಿದಿರ್ಬೇಕು, ಬಿಡು ಅತ್ಲಾಗೆ."

ಒಂದು ವರ್ಷ! ಆ ಒಂದು ವರ್ಷದಲ್ಲಿ ಅದಕ್ಕೆ ಎಕ್ಕದ ಹಾಲು ಬಿಟ್ಟಿದ್ದಾಯ್ತು, ಬ್ಲೇಡಿನಲ್ಲಿ ಕೆತ್ತಿಸಿದ್ದಾಯ್ತು. ರಕ್ತ ಬಂದು ನಿಲ್ಲದೇ ಇದ್ದಾಗ ತಮ್ಮ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಅವ್ವ ಚಪ್ಪಲಿ ಬಿಡಲೇ ಇಲ್ಲ, ಬಿಡಿ ಅಂತ ಯಾರೂ ಹೇಳಲೂ ಇಲ್ಲ. "ಶುಗರ್ ಇದೆ ಅಲ್ವಾ ಅಮ್ಮ, ಅದಕ್ಕೇ ಮಾಯ್ತಿಲ್ಲ" ಅಂತ ಮುಲಾಮು ಬರೆದು ಕಳಿಸಿದರು. ಮುಗಿದಾಗಲೆಲ್ಲ ಮೆಡಿಕಲ್ ಶಾಪಿನವರು ಅದೇ ಟ್ಯೂಬನ್ನು ಚೀಟಿ ಇಲ್ಲದೆಯೇ ಕೊಡುತ್ತಿದ್ದರು.

ಅವರ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನಮ್ಮ ಚರ್ಮದಲ್ಲಿರುವ ಮೆಲನಿನ್ ಬಿಸಿಲಿನಿಂದ ನಮ್ಮನ್ನು ಕಾಪಾಡುತ್ತದೆ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಚರ್ಮದ ಕ್ಯಾನ್ಸರ್ ಅಂದರೆ ಬಿಳಿಯರ ಕಾಯಿಲೆ ಅಂತಲೇ ತಿಳಿದಿದ್ದೆ. ಹಾಗಾಗಿ ದಾವಣಗೆರೆಗೆ ವಾಪಸ್ ಬರುವಾಗ ಅವ್ವನ ಕೈಗೆ ಆಣಿ ಪ್ಲಾಸ್ಟರ್ ಕೊಟ್ಟು ಬಂದೆ. ಸಂಕ್ರಾಂತಿಗೆ ಹೋದಾಗ ನೋಡಿದರೆ ಮಚ್ಚೆ ಒಂದು ಬೆರಳಿನಷ್ಟು ಅಗಲವಾಗಿತ್ತು. ಆ ಎರಡೂವರೆ ತಿಂಗಳಿಗೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಮಾರನೇ ದಿನವೇ ಅವ್ವನನ್ನು ದಾವಣಗೆರೆಗೆ ಕರೆತಂದೆ. ಚರ್ಮರೋಗದ ಓಪಿಡಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಾತಾಡುವುದಕ್ಕಿಂತ ಮೊದಲು ಸ್ಟೂಲೆಳೆದುಕೊಂಡು ನೆಲಮಟ್ಟಕ್ಕೆ ಕೂತು, "ಅಜ್ಜಿ, ಕಾಲು ಕೊಡಿ" ಅಂತ ಅವ್ವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವ್ವ ಮುಜುಗರಪಟ್ಟು ಕಾಲು ಹಿಂದಕ್ಕೆಳೆದುಕೊಂಡಳು. ಡರ್ಮೋಸ್ಕೋಪು ಅಂತ, ಲೈಟು ಇರುವ ಸಣ್ಣ ಭೂತಕನ್ನಡಿ, ಅದನ್ನು ಮಚ್ಚೆಗೆ ಒತ್ತಿ ಬಹಳ ಹೊತ್ತು ನೋಡಿದರು. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನ ಹಾಗೆ ಸಾಲು ಸಾಲು ಗೆರೆಗಳಿರುತ್ತವಲ್ಲ, ಸಾಮಾನ್ಯ ಮಚ್ಚೆಯ ಬಣ್ಣ ಆ ಗೆರೆಗಳ ನಡುವಿನ ತಗ್ಗಿನಲ್ಲಿ ಕೂರುತ್ತದಂತೆ. ಕೆಟ್ಟ ಮಚ್ಚೆಯದು ಉಬ್ಬಿನ ಮೇಲೆ. ಅವ್ವನದು ಉಬ್ಬಿನ ಮೇಲಿತ್ತು.

"ಒಂದು ಸಣ್ಣ ಚೂರು ತೆಗೆದು ಟೆಸ್ಟಿಗೆ ಕಳಿಸಬೇಕು" ಅಂದರು. ಬಯಾಪ್ಸಿ. ತಮ್ಮ ಬೇಡವೇ ಬೇಡ ಅಂತ ಹಠ ಹಿಡಿದ. ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ, ಕತ್ತಿ ತಾಗಿದರೆ ಕೆರಳುತ್ತೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ನೀವೂ ಕೇಳಿರುತ್ತೀರಿ. ಚರ್ಮದ ಮಚ್ಚೆಯಿಂದ ಪರೀಕ್ಷೆಗೆ ಚೂರು ತೆಗೆದರೆ ರೋಗ ಹರಡುವುದಿಲ್ಲ. ಹರಡುವುದು ಕಾಯುತ್ತಾ ಕೂತಾಗ. ನಾನು ಕಣ್ಣಾರೆ ನೋಡಿದ್ದು ಇಷ್ಟು: ಮರಗಟ್ಟಿಸುವ ಒಂದು ಇಂಜೆಕ್ಷನ್, ಆಮೇಲೆ ಪೆನ್ನಿನಂಥ ಒಂದು ಸಲಕರಣೆ, ತುದಿಯಲ್ಲಿ 4 ಮಿಲಿಮೀಟರಿನ ದುಂಡನೆಯ ಹರಿತ ಬಾಯಿ. ಅದನ್ನು ಒತ್ತಿ ತಿರುಗಿಸಿ ತೆಗೆದರೆ ಅಕ್ಕಿಕಾಳಿನಷ್ಟು ಉದ್ದದ ಚರ್ಮದ ಚೂರು. ಒಂದು ಹೊಲಿಗೆ. ಹತ್ತು ನಿಮಿಷ. ಅವ್ವ "ಇಷ್ಟೇನಾ?" ಅಂತ ಕೇಳಿದಳು. ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಯಲ್ಲಿ ಆ ಚೂರನ್ನು ಹಾಕಿಕೊಟ್ಟರು. ಲ್ಯಾಬಿಗೆ ನಾನೇ ಹಿಡಿದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಬಾಟಲಿಯೊಳಗೆ ಅದು ಮೆಲ್ಲಗೆ ತಿರುಗುತ್ತಿತ್ತು. ನಮ್ಮವ್ವನ ಚೂರು.

ರಿಪೋರ್ಟು ಬರುವವರೆಗೆ ಕಳೆದ ದಿನಗಳ ಬಗ್ಗೆ ಬರೆಯಲಾರೆ. ಏಕ್ರಲ್ ಲೆಂಟಿಜಿನಸ್ ಮೆಲನೋಮ ಅಂತ ಬಂತು, ಆಳ 1.9 ಮಿಲಿಮೀಟರ್. ಬಣ್ಣ ತಯಾರಿಸುವ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್ ಅದು. ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಇದನ್ನು ತೋರಿಸಿಕೊಟ್ಟರು, ಈಗಲೂ ಎಲ್ಲ ಕಡೆ ಅದೇ ಅಳತೆ. ಒಂದು ಮಿಲಿಮೀಟರಿನೊಳಗೆ ಸಿಕ್ಕರೆ ಬಹುಪಾಲು ಜನಕ್ಕೆ ಕತ್ತರಿಸಿ ತೆಗೆದರೆ ಮುಗಿಯಿತು. ನಾಲ್ಕು ದಾಟಿದರೆ ಕಷ್ಟ. ಒಂದು ಮಿಲಿಮೀಟರ್ ಅಂದರೆ ಸ್ಕೇಲಿನ ಮೇಲಿನ ಒಂದು ಸಣ್ಣ ಗೆರೆ. ಆ ಗೆರೆ ದಾಟಿದ್ದು ಯಾವಾಗ, ಎಕ್ಕದ ಹಾಲು ಬಿಡುವಾಗಲೋ, ಮುಲಾಮು ಹಚ್ಚುವಾಗಲೋ, ನನ್ನ ಪ್ಲಾಸ್ಟರಿನ ಕೆಳಗೋ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಚ್ಚೆಯ ಸುತ್ತ ಎರಡು ಸೆಂಟಿಮೀಟರ್ ಸೇರಿಸಿ ಹಿಮ್ಮಡಿಯ ಚರ್ಮ ತೆಗೆದು, ತೊಡೆಯ ಚರ್ಮವನ್ನು ಅಲ್ಲಿಗೆ ಹಾಕಿದರು. ತೊಡೆಸಂದಿಯ ಗ್ರಂಥಿಯನ್ನೂ ತೆಗೆದು ನೋಡಿದರು. ದೇವರು ದೊಡ್ಡವನು, ರೋಗ ಅಲ್ಲಿಗೆ ಹರಡಿರಲಿಲ್ಲ. ದುಡ್ಡಿನ ಚಿಂತೆಯಲ್ಲಿ ಆಸ್ಪತ್ರೆಗೆ ಹೋಗದವರಿಗಾಗಿ ಒಂದು ಮಾತು: ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಖರ್ಚಿನ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ರೇಷನ್ ಕಾರ್ಡು, ಆಧಾರ್ ಎರಡೂ ಚೀಲದಲ್ಲಿರಲಿ.

ಇಷ್ಟು ಅನುಭವಿಸಿದ ಮೇಲೆ ನನ್ನ ತಲೆಯಲ್ಲಿ ಕೂತ ವಿಷಯ ಒಂದೇ. ಚರ್ಮದ ಕ್ಯಾನ್ಸರ್ ಬಗ್ಗೆ ನಮಗೆ ಸಿಗುವ ತಿಳಿವಳಿಕೆಯೆಲ್ಲ ಬೇರೆಯವರ ಚರ್ಮ ನೋಡಿ ಬರೆದದ್ದು. ಬಿಸಿಲಿಗೆ ಹೋಗಬೇಡಿ, ಕ್ರೀಮು ಹಚ್ಚಿ, ಮುಖ, ಬೆನ್ನು ನೋಡಿಕೊಳ್ಳಿ. ಬಿಳಿ ಚರ್ಮದವರಿಗೆ ಅದು ಸರಿ. ನಮ್ಮಲ್ಲಿ ಈ ರೋಗ ಅವರಿಗಿಂತ ಎಷ್ಟೋ ಕಡಿಮೆ, ಅದೂ ನಿಜ. ಮೈಮೇಲಿನ ಕರಿ ಮಚ್ಚೆಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ಆದರೆ ನಮ್ಮಂಥ ಕಪ್ಪು, ಕಂದು ಮೈಯವರಿಗೆ ಮೆಲನೋಮ ಬಂದರೆ ಅದು ಹೆಚ್ಚಾಗಿ ಬಿಸಿಲೇ ಬೀಳದ ಜಾಗದಲ್ಲಿ ಬರುತ್ತದೆ. ಅಂಗಾಲು, ಅಂಗೈ, ಉಗುರಿನ ಅಡಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಬಂದದ್ದೂ ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. 1977ರಲ್ಲಿ ಗೊತ್ತಾಯಿತು, 1981ರಲ್ಲಿ ತೀರಿಕೊಂಡರು, ಆಗ ಅವರಿಗೆ 36 ವರ್ಷ.

ಇನ್ನೊಂದು ಜಾಗ ಸುಟ್ಟ ಕಲೆ. ನಮ್ಮೆಜಮಾನರ ದೊಡ್ಡಪ್ಪನಿಗೆ ಹುಡುಗನಾಗಿದ್ದಾಗ ಆಲೆಮನೆಯಲ್ಲಿ ಕುದಿಯುವ ಪಾಕ ಮೊಣಕಾಲಿನ ಕೆಳಗೆ ಬಿದ್ದಿತ್ತು. ನಲವತ್ತು ವರ್ಷ ಕಳೆದ ಮೇಲೆ ಆ ಕಲೆಯ ಅಂಚಿನಲ್ಲೇ ಹುಣ್ಣಾಯಿತು, ಹೂಕೋಸಿನ ಹಾಗೆ ಅರಳಿತು. "ಹಳೇ ಗಾಯ, ಕೆರೆದುಕೊಂಡಿದ್ದಾರೆ" ಅಂತ ಎರಡು ವರ್ಷ ಬರೀ ಡ್ರೆಸಿಂಗ್. ಕೊನೆಗೆ ಕಾಲನ್ನೇ ತೆಗೆಯಬೇಕಾಯಿತು. ಹಳೆಯ ಸುಟ್ಟ ಕಲೆಯಲ್ಲಿ ಹುಟ್ಟುವ ಇಂಥ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಅಂತ ಹೆಸರಿದೆ. ಮಾರ್ಜೊಲಿನ್ ಅನ್ನುವ ಫ್ರೆಂಚ್ ಸರ್ಜನ್ ಇಂಥ ಹುಣ್ಣುಗಳ ಬಗ್ಗೆ ಬರೆದದ್ದು 1828ರಲ್ಲಿ. ಸುಮಾರು ಇನ್ನೂರು ವರ್ಷದಿಂದ ವೈದ್ಯರಿಗೆ ಗೊತ್ತಿರುವ ವಿಷಯ ಹರಿಹರದ ಒಬ್ಬ ರೈತನ ಮನೆಗೆ ಬರುವಷ್ಟರಲ್ಲಿ ಕಾಲು ಹೋಗಿತ್ತು.

ಹೆಣ್ಣುಮಕ್ಕಳು ಸೊಂಟವನ್ನೂ ನೋಡಿಕೊಳ್ಳಬೇಕು. ಲಂಗದ ಲಾಡಿಯನ್ನು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಬಿಗಿದು ಕಟ್ಟಿ, ಅಲ್ಲಿ ಕಪ್ಪಾಗಿ, ತುರಿಸಿ, ಸಿಪ್ಪೆ ಎದ್ದು, ಮಾಯದ ಹುಣ್ಣಾಗಿ, ಅಪರೂಪಕ್ಕೆ ಅದೇ ಕ್ಯಾನ್ಸರ್ ಆಗುತ್ತದೆ. 1945ರಲ್ಲೇ ನಮ್ಮ ದೇಶದ ವೈದ್ಯರು ಪಂಚೆ ಉಡುವವರಲ್ಲಿ ಇದನ್ನು ಕಂಡು 'ಧೋತಿ ಕ್ಯಾನ್ಸರ್' ಅಂತ ಕರೆದಿದ್ದರು. ಲಾಡಿ ಸಡಿಲ ಮಾಡಿ, ಅಗಲ ಪಟ್ಟಿ ಹಾಕಿಸಿಕೊಳ್ಳಿ. ನಮ್ಮಮ್ಮ, ಅತ್ತೆಯಂದಿರು ಆ ಜಾಗವನ್ನು ಡಾಕ್ಟರಿಗಿರಲಿ, ಮಗಳಿಗೂ ತೋರಿಸುವುದಿಲ್ಲ. ಕೇಳಬೇಕಾದವರು ನಾವೇ.

ಹಾಗಾದರೆ ಯಾವುದಕ್ಕೆ ಹೆದರಬೇಕು? ಡಾಕ್ಟರಮ್ಮ ನನಗೆ ಹೇಳಿಕೊಟ್ಟದ್ದರಲ್ಲಿ ಬಲು ಮುಖ್ಯವಾದ್ದು ಬದಲಾವಣೆ. ಇಪ್ಪತ್ತು ವರ್ಷದಿಂದ ಹಾಗೇ ಇರುವ ಮಚ್ಚೆ ಬೇರೆ, ಆರು ತಿಂಗಳಲ್ಲಿ ಬೆಳೆದದ್ದು ಬೇರೆ. ಎರಡು ಅರ್ಧ ಒಂದೇ ಥರ ಇಲ್ಲದಿರುವುದು, ಅಂಚು ಕಲಸಿಕೊಂಡಿರುವುದು, ಒಂದರಲ್ಲೇ ಎರಡು ಮೂರು ಬಣ್ಣ, ಪೆನ್ಸಿಲಿನ ಹಿಂಭಾಗಕ್ಕಿಂತ ದೊಡ್ಡದು, ಅಂದರೆ 6 ಮಿಲಿಮೀಟರ್ ದಾಟಿದ್ದು. ಇವುಗಳಲ್ಲಿ ಯಾವುದು ಕಂಡರೂ ತೋರಿಸಿ. ಚಿಕ್ಕದು ಅಂತ ಸುಮ್ಮನಿರುವ ಹಾಗೂ ಇಲ್ಲ, ಬೆಳೆಯುತ್ತಿದ್ದರೆ ಸಾಕು. ಉಗುರಿನಲ್ಲಿ ಕರಿ ಗೆರೆಗಳು ನಮ್ಮ ಮೈಬಣ್ಣದವರಿಗೆ ಎಷ್ಟೋ ಬೆರಳುಗಳಲ್ಲಿ ಸಹಜವಾಗಿಯೇ ಇರುತ್ತವೆ, ಗಾಬರಿ ಬೇಡ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು, ಅಗಲವಾಗುತ್ತಾ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಇಳಿದರೆ ಅದು ಬೇರೆ. ತಿಂಗಳಾದರೂ ಮಾಯದ ಗಾಯ, ಅದು ಮೈಯ ಎಲ್ಲೇ ಇರಲಿ, ಶುಗರ್ ಇರಲಿ ಬಿಡಲಿ, ಮುಲಾಮಿನ ವಿಷಯ ಅಲ್ಲ. ಮತ್ತೆ ದಯವಿಟ್ಟು, ನರುಲಿ ಅಂತ ಕುದುರೆ ಬಾಲದ ಕೂದಲು ಕಟ್ಟುವುದು, ಸುಡುವುದು, ಬ್ಲೇಡಿನಲ್ಲಿ ಕೆತ್ತುವುದು ಬೇಡ. ಕೆತ್ತಿ ಬಿಸಾಡಿದ ಚೂರನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ.

ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರ ಮಾಡಿಸುತ್ತದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ವಿಚಾರಿಸುತ್ತಾರೆ. ಒಳ್ಳೆಯ ಕೆಲಸ. ಇದಕ್ಕೆ ಇನ್ನೊಂದು ಕ್ಯಾಂಪು ಮಾಡಿ ಅಂತ ನಾನು ಕೇಳುತ್ತಿಲ್ಲ. ಶುಗರ್ ಇದ್ದವರ ಪಾದವನ್ನು ವರ್ಷಕ್ಕೆ ಒಂದು ಸಲವಾದರೂ ಪರೀಕ್ಷಿಸಬೇಕು ಅನ್ನುವುದು ಹೇಗೂ ಇರುವ ನಿಯಮ. ಅದನ್ನು ಪಾಲಿಸಿದ್ದರೆ ಸಾಕಿತ್ತು. ಬೆರಳು ಚುಚ್ಚಿ ರಕ್ತ ನೋಡುವ ಕಡೆ ಚಪ್ಪಲಿ ಬಿಡಿಸಿ ಎರಡು ಅಂಗಾಲು ನೋಡಿದ್ದರೆ, ಅವ್ವನದು ಒಂದು ವರ್ಷ ಮೊದಲೇ ಸಿಗುತ್ತಿತ್ತು. ಅದಕ್ಕೆ ಯಂತ್ರ ಬೇಡ, ದುಡ್ಡು ಬೇಡ.

ಮನೆಯಲ್ಲಿ ನಾವು ಹಬ್ಬಹಬ್ಬಕ್ಕೆ ಹಿರಿಯರ ಕಾಲಿಗೆ ಬೀಳುತ್ತೇವೆ. ಪಾದದ ಮೇಲ್ಭಾಗ ಮುಟ್ಟಿ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತೇವೆ. ಅವ್ವನ ಪಾದದ ಕೆಳಗೆ ಏನಿದೆ ಅಂತ ನಲವತ್ತಾರು ವರ್ಷ ನಾನು ನೋಡಿರಲಿಲ್ಲ. ಯುಗಾದಿಗೆ, ದೀಪಾವಳಿಗೆ ಎಣ್ಣೆಸ್ನಾನ ನಮ್ಮಲ್ಲಿ ಇದ್ದೇ ಇದೆ. ಆವತ್ತು ಎಣ್ಣೆ ಹಚ್ಚುವ ನೆಪದಲ್ಲಿ ಬೆನ್ನು, ಸೊಂಟ, ಬೆರಳ ಸಂದಿ, ಅಂಗಾಲು ಎಲ್ಲ ಬೆಳಕಿನಲ್ಲಿ ನೋಡಿ. ಅನುಮಾನ ಬಂದದ್ದರ ಪಕ್ಕ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಬೆಳೆಯಿತೋ ಇಲ್ಲವೋ ನೆನಪಿನಲ್ಲಿ ಉಳಿಯುವುದಿಲ್ಲ, ಫೋಟೋದಲ್ಲಿ ಉಳಿಯುತ್ತದೆ. ನಾನು ದೀಪಾವಳಿಯಂದು ಒಂದು ಫೋಟೋ ತೆಗೆದಿದ್ದರೆ ಡಿಸೆಂಬರಿನಲ್ಲೇ ಓಡಿ ಬರುತ್ತಿದ್ದೆ.

ಅವ್ವ ಈಗ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿಕೊಂಡು ನಿಧಾನ ನಡೆಯುತ್ತಾಳೆ. ಹೊಲಕ್ಕೆ ಹೋಗುವುದು ನಿಂತಿದೆ, ಅದೊಂದೇ ಅವಳ ಕೊರಗು. ಮೂರು ತಿಂಗಳಿಗೊಮ್ಮೆ ಇದ್ದ ಚೆಕಪ್ ಈಗ ಆರು ತಿಂಗಳಿಗೆ ಬಂದಿದೆ. ಪ್ರತಿ ಸಲ ತೊಡೆಸಂದಿಯಲ್ಲಿ ಗಂಟು ಇದೆಯಾ ಅಂತ ಡಾಕ್ಟರು ಒತ್ತಿ ನೋಡುವಾಗ ನಾನು ಉಸಿರು ಬಿಗಿಹಿಡಿದು ನಿಂತಿರುತ್ತೇನೆ.

ಸಂಜೆ ಜಗುಲಿಯಲ್ಲಿ ಕೂತು ಬಂದ ಹೆಂಗಸರಿಗೆಲ್ಲ "ಎಲ್ಲಿ, ಅಂಗಾಲು ತಿರುಗಿಸು ನೋಡಾನ" ಅನ್ನುತ್ತಾಳಂತೆ. ಮೊನ್ನೆ ರಾತ್ರಿ ಫೋನು ಬಂತು. "ಮೇಲಿನ ಕೇರಿ ಒಬ್ಬಾಕೆಗೆ ಹೆಬ್ಬೆರಳ ಉಗುರಾಗೆ ಕರಿ ಗೆರೆ ಎದ್ದೈತೆ ಕಣೇ, ಬುಡದ ತನಕ ಇಳಿದೈತೆ. ಗಂಡ ಸುಗ್ಗಿ ಮುಗೀಲಿ ಅಂತಾನೆ. ನಾನು ಬೇಡ ಅಂದೀನಿ. ಯಾವತ್ತು ಕಳಿಸ್ಲಿ?"

ಸೋಮವಾರ ಮೊದಲನೇ ಬಸ್ಸಿಗೆ ಹತ್ತಿಸು, ರೇಷನ್ ಕಾರ್ಡು ಮರೆಯದೆ ತರಲಿ ಅಂದಿದ್ದೇನೆ. ಸ್ಕೂಲಿಗೆ ರಜಾ ಹಾಕಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ನಾನೇ ಕಾಯುತ್ತೇನೆ.