ಕರೆಂಟ್ ಹೋದಾಗ ಗೊತ್ತಾಗುತ್ತೆ

ಛಾವಣಿ ತುಂಬ ಸೋಲಾರ್ ಪ್ಯಾನಲ್ ಇರುವ ಮನೆ. ಮಟಮಟ ಮಧ್ಯಾಹ್ನ, ಉರಿಬಿಸಿಲು. ಬೀದಿಯಲ್ಲಿ ಕರೆಂಟ್ ಹೋಗುತ್ತೆ, ಆ ಮನೆಯ ಫ್ಯಾನೂ ನಿಲ್ಲುತ್ತೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಇನ್ವರ್ಟರ್, ಅಂದರೆ ಪ್ಯಾನಲ್‌ನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ. ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಜಾಲಕ್ಕೆ, ಜೋಡಿಸಿದ ಮಾಮೂಲಿ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ. ಆಗಲೇಬೇಕು. ಇಲ್ಲದಿದ್ದರೆ ಪ್ಯಾನಲ್‌ನ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಬ್ಯಾಟರಿ ಇದ್ದು, ಲೈನಿನಿಂದ ಬೇರ್ಪಟ್ಟು ಕೆಲಸ ಮಾಡುವ ಇನ್ವರ್ಟರೂ ಇದ್ದರೆ ಮಾತ್ರ ಆ ಮನೆ ತನ್ನ ಕಾಲ ಮೇಲೆ ನಿಲ್ಲುತ್ತೆ.

ಹಾಗಾಗಿ ಯಾರಾದರೂ ಯಾವುದನ್ನಾದರೂ ಸ್ವಾವಲಂಬಿ ಅಂದರೆ ನಾನು ಕೇಳೋದು ಇಷ್ಟೇ. ಹೊರಗಿನ ನಂಟು ಕಡಿದರೆ ಅದು ಏನು ಮಾಡುತ್ತೆ? ಎಷ್ಟು ಹೊತ್ತು?

ಹೃದಯವನ್ನೇ ನೋಡಿ. ಕಸಿ ಮಾಡುವಾಗ ಅದಕ್ಕೆ ಮಿದುಳಿನಿಂದ ಬರುವ ನರಗಳೆಲ್ಲ ಕತ್ತರಿಸಿ ಹೋಗಿರುತ್ತವೆ. ಆದರೂ ಹೊಸ ಎದೆಯಲ್ಲಿ ಬಡಿಯುತ್ತೆ. ಬಡಿತ ಶುರು ಮಾಡುವ ಜೀವಕೋಶಗಳ ಪುಟ್ಟ ಗುಂಪು ಹೃದಯದೊಳಗೇ ಇದೆ. ನಿಧಾನ ಮಾಡು ಅಂತ ಹೇಳುವ ನರ ಇಲ್ಲದ ಕಾರಣ, ಸುಮ್ನೆ ಕೂತಿದ್ದಾಗಲೂ ಮಾಮೂಲಿಗಿಂತ ಜಾಸ್ತಿ ವೇಗ. ಆದರೆ ರಕ್ತ, ಆಮ್ಲಜನಕ ಬೇಕೇ ಬೇಕು. ತಾಳ ಸ್ವಂತದ್ದು, ಊಟ ಹೊರಗಿನದು.

1977ರಲ್ಲಿ ಹೊರಟ ಬಾಹ್ಯಾಕಾಶ ನೌಕೆ ವಾಯೇಜರ್ 1 ಇನ್ನೂ ಗಟ್ಟಿ. ಇಲ್ಲಿಂದ ಸಿಗ್ನಲ್ ಹೋಗೋಕೇ ಹೆಚ್ಚುಕಮ್ಮಿ ಒಂದು ದಿನ ಬೇಕು. ಏನಾದರೂ ಕೆಟ್ಟರೆ ಕೇಳಿಕೊಂಡು ಕೂರುವ ಹಾಗಿಲ್ಲ, ತಾನೇ ಸುರಕ್ಷಿತ ಸ್ಥಿತಿಗೆ ಹೋಗಬೇಕು. ಕರೆಂಟಿಗೆ ಪ್ಲುಟೋನಿಯಂ ಬುತ್ತಿ ಜೊತೆಗಿದೆ, ಆದರೆ ಆ ಕರೆಂಟ್ ವರ್ಷಕ್ಕೆ ಸುಮಾರು 4 ವ್ಯಾಟ್ ಕಮ್ಮಿ ಆಗುತ್ತಾ ಬಂದಿದೆ. ಅದಕ್ಕೇ ಒಂದೊಂದೇ ಉಪಕರಣ ಆಫ್ ಮಾಡುತ್ತಿದ್ದಾರೆ.

ಪೂರ್ತಿ ಬಾಗಿಲು ಹಾಕಿಕೊಂಡೂ ನೋಡಿದ್ದಾರೆ. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ಗಾಜಿನ ಕಟ್ಟಡದೊಳಗೆ 8 ಜನ ಎರಡು ವರ್ಷಕ್ಕೆಂದು ಹೋದರು. ಗಿಡ, ಮಣ್ಣು, ನೀರು ಎಲ್ಲಾ ಒಳಗೇ. ಆದರೆ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಗಳಿಗೆ ಸಿಗುವ ಬದಲು ಕಾಂಕ್ರೀಟ್ ಹೀರಿತು. ಆಮ್ಲಜನಕ 21ರಿಂದ ಸುಮಾರು 14 ಶೇಕಡಾಕ್ಕೆ ಇಳಿದು, 1993ರಲ್ಲಿ ಹೊರಗಿನಿಂದ ತುಂಬಬೇಕಾಯಿತು. ಸೋಲು ಅಂತ ನಗಾಡಿದವರು ಬಹಳ. ನನಗಂತೂ ಇಷ್ಟು ಕಲಿಸಿದ ಪ್ರಯೋಗ ಸೋಲು ಅನ್ನಿಸಲ್ಲ. ಗೋಡೆಯೂ ಉಸಿರಾಟದ ಲೆಕ್ಕದಲ್ಲಿ ಬರುತ್ತೆ ಅಂತ ಯಾರು ಅಂದುಕೊಂಡಿದ್ದರು?

ನನ್ನ ಸಿಟ್ಟು ಇರೋದು ಸಾಫ್ಟ್‌ವೇರ್ ಮೇಲೆ. ಬರೀ ನಾಲ್ಕು ಸಾಲು ಬರೆದಿಡೋ ಆ್ಯಪ್‌ಗೂ ಲಾಗಿನ್, ಸರ್ವರ್, ನೆಟ್. ಹೃದಯಕ್ಕೆ ರಕ್ತ ಬೇಕು, ಸರಿ. ಇದಕ್ಕೆ ಯಾಕೆ? ಕಂಪನಿ ಸರ್ವರ್ ಮುಚ್ಚಿದ ದಿನ ನಾವು ಬರೆದದ್ದು ನಮ್ಮ ಫೋನಲ್ಲೇ ನಮಗೆ ಸಿಗಲ್ಲ ಅಂದರೆ ಹೇಗೆ? ಹೊಸ ಆ್ಯಪ್ ಹಾಕಿಕೊಂಡಾಗ ನಾನಂತೂ ಏರೋಪ್ಲೇನ್ ಮೋಡ್‌ನಲ್ಲಿ ತೆರೆದು ನೋಡುತ್ತೇನೆ. ಸುತ್ತುತ್ತಾ ನಿಂತರೆ ಅನ್‌ಇನ್‌ಸ್ಟಾಲ್. ನೀವೂ ಒಮ್ಮೆ ನೋಡಿ, ಎಷ್ಟು ಉಳಿದವು ಅಂತ ಕಮೆಂಟ್ ಹಾಕಿ.