‘ಬಂದ್ ಆತು’ ಅಂದ್ರ ಏನಂತ ತಿಳಕೋಬೇಕ್ರಿ?

ಹುಬ್ಬಳ್ಳಿ-ಧಾರವಾಡದ ಮಂದಿ ಮಿರ್ಚಿ ತಿಂದ್ರ ಖಾರ ಎಷ್ಟು, ಎಣ್ಣಿ ಎಷ್ಟು ಅಂತ ಬಿಡಿಸಿ ಹೇಳ್ತಾರ. ಲಿಬ್ರೆಆಫೀಸ್ (ರೈಟರ್‌ನಂಥ ಬರಿಯೋ ಸಾಫ್ಟ್‌ವೇರ್ ಇರೋ ಪುಕ್ಕಟೆ ಆಫೀಸ್ ಕಟ್ಟು) ಕ್ರ್ಯಾಶ್ ಆದ್ರ, ಅಂದ್ರ ತಾನ ಮುಚ್ಚಿಕೊಂಡ್ರ, ಮಾತ್ರ ದೂರು ಒಂದ ಸಾಲು: ‘ರೈಟರ್ ಬಂದ್ ಆತು, ಸರಿ ಮಾಡ್ರಿ.’ ಯಾವ ಆವೃತ್ತಿ? ಏನ್ ಒತ್ತಿದಾಗ? ಒಂದೂ ಇಲ್ಲ. ಜೋಡಿಗೆ ಮೊಬೈಲ್ ಫೋಟೋ, ಅದರಾಗ ಅರ್ಧ ಸ್ಕ್ರೀನು, ಅರ್ಧ ಚಹಾದ ಕಪ್ಪು.

ಹೆಲ್ಪ್ ಮೆನುದಾಗ ಅಬೌಟ್ ತೆಗೆದ್ರ ಆವೃತ್ತಿ ಪೂರಾ ಐತಿ, ಕಾಪಿ ಮಾಡಾಕ ಬಟನ್ನೂ ಐತಿ. ಅದ ಮೆನುದಾಗ ಸೇಫ್ ಮೋಡ್, ಅಂದ್ರ ನಿಮ್ಮ ಸೆಟ್ಟಿಂಗ್ ಬದಿಗಿಟ್ಟು ತೆಗೆಯೋದು. ಅಲ್ಲಿ ಕ್ರ್ಯಾಶ್ ಆಗಲಿಲ್ಲಂದ್ರ ತಪ್ಪು ಬಹುತೇಕ ಪ್ರೊಫೈಲಿಂದು (ನಿಮ್ಮ ಸೆಟ್ಟಿಂಗ್ ಇರೋ ಫೋಲ್ಡರ್), ಇಲ್ಲಾ ಮ್ಯಾಲಿಂದ ಸೇರಿಸಿದ ಎಕ್ಸ್‌ಟೆನ್ಶನ್ನಿಂದು.

ಬ್ಯಾಕ್‌ಟ್ರೇಸ್, ಅಂದ್ರ ಕ್ರ್ಯಾಶ್ ಆದಾಗ ಯಾವ ಫಂಕ್ಷನ್ ಯಾವುದನ್ನ ಕರೆದಿತ್ತು ಅನ್ನೋ ಪಟ್ಟಿ, ಕೇಳಿದ್ರ ಇನ್ನೊಂದ ಸಂಕಟ. ಸಾಲಿಗೊಂದು ‘??’. ಡೀಬಗ್ ಸಿಂಬಲ್ (ಫಂಕ್ಷನ್ ಹೆಸರಿನ ಮಾಹಿತಿ) ಇಲ್ದ ಜಿಡಿಬಿ (ತಪ್ಪು ಹುಡುಕೋ ಸಾಧನ) ಕಣಿ ಹೇಳ್ತೈತೇನು? ಲಿನಕ್ಸ್‌ನಾಗ ಮೊದ್ಲ ಆ ಸಿಂಬಲ್ ನೆಟ್‌ನಿಂದ ತರಿಸೋ ಡೀಬಗ್‌ಇನ್ಫೋಡಿ ಹೊಂದಿಸ್ರಿ, ಟರ್ಮಿನಲ್‌ನಾಗ ‘ಕೋರ್‌ಡಂಪ್‌ಸಿಟಿಎಲ್ ಜಿಡಿಬಿ’ (coredumpctl gdb) ಕೊಡ್ರಿ, ಒಳಗ ‘ಥ್ರೆಡ್ ಅಪ್ಲೈ ಆಲ್ ಬಿಟಿ ಫುಲ್’ (thread apply all bt full) ಹೊಡೀರಿ. ಬಂದ ಪಠ್ಯ ಅಷ್ಟ ಸಾಕು. ಇಡೀ ಕೋರ್‌ಡಂಪ್ (ಕ್ರ್ಯಾಶ್ ಆದಾಗಿನ ಮೆಮರಿಯ ನಕಲು) ಎಲ್ಲಾರ ಮುಂದ ಒಗೀಬ್ಯಾಡ್ರಿ, ಮೆಮರ್‍ಯಾಗಿದ್ದ ಪಾಸ್‌ವರ್ಡೂ ಅದರಾಗ ಸಿಗಬಹುದು.

ಎಲ್ಲಾಕ್ಕಿಂತ ದೊಡ್ಡದು ಅಂದ್ರ, ಯಾವ ಫೈಲಿನಿಂದ ಕ್ರ್ಯಾಶ್ ಆಗ್ತೈತಿ ಅದನ್ನ ಕಳಸ್ರಿ ಅಂದ್ರ, ಪಿಡಿಎಫ್ ಮಾಡಿ ಕಳಸ್ತಾರ!