ಪ್ರೊಪೇನ್ ಟ್ಯಾಂಕಿಗೆ ಭದ್ರತಾ ಕಾನೂನಿನಿಂದ ವಿನಾಯಿತಿ ಬೇಕೇ?

ರಾಸಾಯನಿಕ ದಾಸ್ತಾನು ಭಯೋತ್ಪಾದಕರ ಕೈಗೆ ಸಿಗಬಾರದೆಂದು ಅಮೆರಿಕ 2007ರಲ್ಲಿ ನಿಯಮ ತಂದಿತು. ಅಡುಗೆ, ಬಿಸಿಗೆ ಉರಿಸುವ ಪ್ರೊಪೇನ್ ಗ್ಯಾಸ್ 7,500 ಪೌಂಡ್ ಇದ್ದವರೆಲ್ಲ ಒಳನಾಡು ಭದ್ರತಾ ಇಲಾಖೆಗೆ ವಿವರ ಕೊಡಬೇಕೆಂಬುದು ಮೊದಲ ಪ್ರಸ್ತಾಪ. ರೈತರು, ಗ್ಯಾಸ್ ವ್ಯಾಪಾರಿಗಳು ತಕರಾರು ತೆಗೆದರು. ಅದೇ ವರ್ಷ ನವೆಂಬರಿನಲ್ಲಿ ಮಿತಿ 60,000 ಪೌಂಡಿಗೆ ಏರಿತು. 10,000 ಪೌಂಡ್ ಅಥವಾ ಅದಕ್ಕಿಂತ ಕಡಿಮೆಯ ಟ್ಯಾಂಕುಗಳನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ ಎಂದಾಯಿತು. 2023ರ ಜುಲೈನಲ್ಲಿ ಕಾನೂನಿನ ಅವಧಿ ಮುಗಿಯಿತು. ಮತ್ತೆ ತರುವುದಾದರೆ ಈ ವಿನಾಯಿತಿ ಉಳಿಯಬೇಕೇ?

ಪರ

ಅಮೆರಿಕದ ಅಯೋವಾ ರಾಜ್ಯದ ಹಳ್ಳಿಗಳಲ್ಲಿ ಮನೆ ಪಕ್ಕದಲ್ಲೇ ಉದ್ದನೆಯ ಬಿಳಿ ಟ್ಯಾಂಕ್ ಮಲಗಿರುತ್ತದೆ. ಪೈಪಿನಲ್ಲಿ ಗ್ಯಾಸ್ ಬಾರದ ಊರಿಗೆ ಅಡುಗೆ, ಬಿಸಿನೀರು, ಚಳಿಗಾಲದ ಬೆಚ್ಚನೆ ಎಲ್ಲಕ್ಕೂ ಅದೇ ಗತಿ. ಕೊಯ್ದ ಮೆಕ್ಕೆಜೋಳ ಒಣಗಬೇಕು, ಕೋಳಿಮರಿಗಳಿಗೆ ಕಾವು ಸಿಗಬೇಕು. 7,500 ಪೌಂಡ್ ಅಂದರೆ ನಮ್ಮ 14.2 ಕೆಜಿ ಸಿಲಿಂಡರಿನ ಲೆಕ್ಕದಲ್ಲಿ ಸುಮಾರು 240. ಒಂದು ಕೋಳಿ ಫಾರಂ ಇದನ್ನು ಸುಲಭವಾಗಿ ದಾಟುತ್ತದೆ. ಆ ರೈತನನ್ನು ವಿಷಾನಿಲದ ಕಾರ್ಖಾನೆಯ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ನಿಜವಾದ ಅಪಾಯ ಬೇರೆ ಕಡೆ ಇದೆ. 1998ರ ಏಪ್ರಿಲ್ 9ರ ರಾತ್ರಿ, ಅದೇ ಅಯೋವಾದ ಆಲ್ಬರ್ಟ್ ಸಿಟಿಯ ಟರ್ಕಿಕೋಳಿ ಫಾರಂನಲ್ಲಿ ಹುಡುಗನೊಬ್ಬ ಓಡಿಸುತ್ತಿದ್ದ ನಾಲ್ಕು ಚಕ್ರದ ಬೈಕು ಪ್ರೊಪೇನ್ ಪೈಪಿಗೆ ಬಡಿಯಿತು. ಸೋರಿದ ಗ್ಯಾಸಿಗೆ ಬೆಂಕಿ ಹತ್ತಿತು. ಟ್ಯಾಂಕ್ ಸಿಡಿದರೆ ಅದರ ಎರಡು ತುದಿಗಳಿಂದಲೇ ಎಂದು ನಂಬಿದ್ದ ಅಗ್ನಿಶಾಮಕ ಸ್ವಯಂಸೇವಕರು ಪಕ್ಕಕ್ಕೆ ನಿಂತಿದ್ದರು. 18,000 ಗ್ಯಾಲನ್ ಟ್ಯಾಂಕ್ ನಾಲ್ಕೂ ದಿಕ್ಕಿಗೆ ಚೂರಾಯಿತು. ಇಬ್ಬರು ಸತ್ತರು. ಅಲ್ಲಿ ಬೇಕಾಗಿದ್ದುದು ಪೈಪಿನ ಸುತ್ತ ಗಟ್ಟಿ ಬೇಲಿ, ಬೆಂಕಿ ನಂದಿಸುವವರಿಗೆ ಸರಿಯಾದ ತರಬೇತಿ. ಅದು ಅಗ್ನಿ ಸುರಕ್ಷತಾ ನಿಯಮದ ಕೆಲಸ. ಭಯೋತ್ಪಾದನೆ ತಡೆಯುವ ಅರ್ಜಿ ತುಂಬಿದ್ದರೂ ಆ ಇಬ್ಬರು ಬದುಕುತ್ತಿರಲಿಲ್ಲ.

ವಿರೋಧ

ಸುರಕ್ಷತಾ ನಿಯಮ ನೋಡಿಕೊಳ್ಳುತ್ತದೆ ಎನ್ನುವವರು ಆಲ್ಬರ್ಟ್ ಸಿಟಿಯ ತನಿಖಾ ವರದಿಯನ್ನು ಪೂರ್ತಿ ಓದಬೇಕು. ಪೈಪಿಗೆ ರಕ್ಷಣೆ ಇರಬೇಕೆಂದು ನಿಯಮವಿತ್ತು. ಅದು ಪಾಲನೆಯಾಗುವಂತೆ ನೋಡಿಕೊಳ್ಳುವವರಿರಲಿಲ್ಲ. ಮರುವರ್ಷ ಸಂಸತ್ತು ಇಂಧನವಾಗಿ ಬಳಸುವ ಪ್ರೊಪೇನನ್ನು ಪರಿಸರ ಸಂಸ್ಥೆಯ ಅಪಘಾತ ತಡೆ ಯೋಜನೆಯಿಂದಲೂ ಹೊರಗಿಟ್ಟಿತು. ಒಂದೊಂದು ಕಾನೂನೂ ಇನ್ನೊಂದರ ಕಡೆ ಕೈತೋರಿಸಿದರೆ ಟ್ಯಾಂಕನ್ನು ನೋಡುವವರು ಯಾರು?

ಮನೆಯ ಟ್ಯಾಂಕನ್ನು ಬಿಟ್ಟುಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದೇ ಬೇಲಿಯೊಳಗೆ 10,000 ಪೌಂಡಿನ ಹತ್ತು ಟ್ಯಾಂಕುಗಳಿದ್ದರೆ? ಒಟ್ಟು ಒಂದು ಲಕ್ಷ ಪೌಂಡ್, ನಮ್ಮ ಸುಮಾರು 3,200 ಸಿಲಿಂಡರ್. 2007ರ ನಿಯಮದ ಪುಸ್ತಕದಲ್ಲಿ ಅದು ಸೊನ್ನೆ. ಬೆಂಕಿ ಟ್ಯಾಂಕಿನಿಂದ ಟ್ಯಾಂಕಿಗೆ ಹಬ್ಬುತ್ತದೆ ಎಂಬುದನ್ನು 1984ರ ಗ್ಯಾಸ್ ದುರಂತದಲ್ಲಿ ಮೆಕ್ಸಿಕೋದ ಸಾನ್ ಹ್ವಾನಿಕೊ ನೋಡಿದೆ. ಅಲ್ಲಿ ಸುಮಾರು 500 ಜನ ಸತ್ತರು.

ಯಾರೂ ಪ್ರೊಪೇನಿನ ಮೇಲೆ ಕಣ್ಣು ಹಾಕುವುದಿಲ್ಲ ಎನ್ನುವುದೂ ಸುಳ್ಳು. 1999ರಲ್ಲಿ ಕ್ಯಾಲಿಫೋರ್ನಿಯಾದ ಎಲ್ಕ್ ಗ್ರೋವ್‌ನಲ್ಲಿ ಒಟ್ಟು 2.4 ಕೋಟಿ ಗ್ಯಾಲನ್ ಪ್ರೊಪೇನ್ ಹಿಡಿಯುವ ಎರಡು ಟ್ಯಾಂಕುಗಳನ್ನು ಸ್ಫೋಟಿಸುವ ಸಂಚು ಬಯಲಾಗಿ ಇಬ್ಬರು ಸಿಕ್ಕಿಬಿದ್ದರು.

ರೈತನ ಹೊರೆಯ ಮಾತು ಬಂದರೆ, ಮೊದಲ ಹೆಜ್ಜೆ ಒಂದು ಆನ್‌ಲೈನ್ ಅರ್ಜಿ ಅಷ್ಟೇ. ಅದನ್ನು ತುಂಬಿದವರಲ್ಲಿ ಬಹುಪಾಲು ಮಂದಿಯನ್ನು ಇಲಾಖೆ ಹೆಚ್ಚಿನ ಅಪಾಯವಿಲ್ಲವೆಂದು ಕೈಬಿಟ್ಟಿತ್ತು. 60,000ದ ಮಿತಿ ಬೇಕಾದರೆ ಹಾಗೇ ಇರಲಿ. ಬೇಲಿಯೊಳಗಿನ ಗ್ಯಾಸನ್ನೆಲ್ಲ ಕೂಡಿ ಲೆಕ್ಕ ಹಾಕಲಿ.